ತುಪ್ಪ ಸವರಿದ ಚಕ್ರಗಳು ಅಸ್ಸಿ ದಾಟಿದವೇ?

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಕಾಶಿ ಎಂದಮೇಲೆ ಗಂಗೆಯಿಂದ ಶುರು ಮಾಡುವುದು ಮರ್ಯಾದೆ. ಮಾಡಿದೆ. ‘ಗಂಗೆಯ ಮೇಲೆ ಬೆಳಗಿನ ಬಿಸಿಲು ಹರಡಿತ್ತು’ ಎಂದು ಬರೆದವನಿಗೆ ನನಗೇ ಆಕಳಿಕೆ ಬಂತು, ಹೊಡೆದುಹಾಕಿದೆ. ಎರಡನೆಯ ಸಲ ಹೆಣದಿಂದ ಶುರು ಮಾಡಿದೆ. ಹರಿಶ್ಚಂದ್ರ ಘಾಟ್ ಪಕ್ಕದಲ್ಲೇ ಇರುವಾಗ ಹೆಣಕ್ಕೇನೂ ಬರವಿಲ್ಲ. ಆದರೆ ಇದು ಕಾರಿನ ಚಕ್ರದ ಕಥೆ. ಚಕ್ರದ ಕಥೆಗೆ ಹೆಣ ಯಾಕೆ ಎಂದು ಯಾರಾದರೂ ಕೇಳಿಯಾರು ಎಂದು ಅದನ್ನೂ ಹೊಡೆದುಹಾಕಿದೆ.

ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ. ಶಂಕರನಾರಾಯಣ ಭಟ್ಟರು ಸೋನಾರ್‌ಪುರದ ಒಂದು ಹಿತ್ತಲಲ್ಲಿ ಪಂಚೆ ಮೇಲೆ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ತಮ್ಮ ಹೊಸ ಕಾರಿನ ಮುಂದಿನ ಎಡ ಚಕ್ರವನ್ನು ನೋಡುತ್ತಿದ್ದರು. ಚಕ್ರದ ಮೇಲೆ ಕಪ್ಪು ಪುಡಿ ಕೂತಿತ್ತು.

(ನಾನು ಸೈಕಲ್ ಬಿಟ್ಟು ಬೇರೇನೂ ಓಡಿಸಿದವನಲ್ಲ. ಕಾರಿನ ಬಗ್ಗೆ ಇಲ್ಲಿ ಬರುವ ಜ್ಞಾನವೆಲ್ಲ ಮೊಬೈಲಿನಲ್ಲಿ ಓದಿದ್ದು. ಕಾರಿರುವ ಓದುಗರು ದಯವಿಟ್ಟು ನಗುವುದಾದರೆ ಒಟ್ಟಿಗೆ ಕೊನೆಯಲ್ಲಿ ನಗಿ.)

೨

ಭಟ್ಟರು ಕೇದಾರ ಘಾಟಿನವರು. ಅಜ್ಜನ ಕಾಲಕ್ಕೆ ಕರ್ನಾಟಕದಿಂದ ಬಂದು ನೆಲೆನಿಂತ ಮನೆತನ. ಊರಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡ, ಗಂಗಾಪೂಜೆ ಮಾಡಿಸುವುದು ಕೆಲಸ. ಐವತ್ನಾಲ್ಕನೆಯ ವಯಸ್ಸಿಗೆ ಮೊದಲ ಕಾರು. ಅದಕ್ಕೆ ಕಾಶಿಯ ಲಂಕಾ ಬಡಾವಣೆಯ ಪ್ರಕಾಶನ ಅಂಗಡಿಯಲ್ಲಿ ತಾವೇ ಆರಿಸಿ ಹಾಕಿಸಿದ ಅಲಾಯ್ ಚಕ್ರಗಳು, ಐದೈದು ದಳದವು, ಮುಖ ಕಾಣುವಷ್ಟು ಹೊಳಪು. ಅವರ ಗಲ್ಲಿಯಲ್ಲಿ ಎದುರಿಗೆ ಒಂದು ಗೂಳಿ ಬಂದರೆ ಮನುಷ್ಯ ಯಾರದಾದರೂ ಹೊಸ್ತಿಲು ಹತ್ತಬೇಕು. ಕಾರು ಹೋಗುವ ಮಾತೇ ಇಲ್ಲ. ಹಾಗಾಗಿ ಅದು ಸೋನಾರ್‌ಪುರದ ಹಿತ್ತಲಲ್ಲಿ ವಾಸ, ಇವರು ದಿನಾ ಸಂಧ್ಯಾವಂದನೆ ಮುಗಿಸಿ ಅದರ ದರ್ಶನಕ್ಕೆ ಹೋಗುವುದು ರೂಢಿ.

ನಾಲ್ಕನೆಯ ದಿನ ಕಪ್ಪು ಪುಡಿ ಕಂಡಿತು. ಭಟ್ಟರಿಗೆ ಅನುಮಾನವೇ ಬರಲಿಲ್ಲ. ಘಾಟಿನಿಂದ ಹಾರಿಬಂದ ಚಿತೆಯ ಬೂದಿ, ಇನ್ನೇನು? ಒರೆಸಿದರು, ಮನೆಗೆ ಬಂದು ತಲೆಗೆ ಸ್ನಾನ ಮಾಡಿದರು. ಮಾರನೆಯ ದಿನ ಯಾತ್ರಿಕರನ್ನು ನಿಲ್ದಾಣದಿಂದ ಕರೆತಂದ ಮೇಲೆ ಮತ್ತೆ ಪುಡಿ, ಮತ್ತೆ ಸ್ನಾನ. ಹೀಗೆ ಎಂಟು ದಿನ ನಡೆಯಿತು.

“ದಿನಕ್ಕೆ ಮೂರು ಸಲ ತಲೆಗೆ ಹುಯ್ಕೊಳ್ತಿದೀರಲ್ಲ, ಯಾರು ಹೋದ್ರು?” ಎಂದು ಹೆಂಡತಿ ವೇದಾ ಗಾಬರಿಯಿಂದ ಕೇಳಿದರು.

“ಯಾರೂ ಹೋಗಿಲ್ಲ. ಗಾಡಿ ಒರೆಸ್ದೆ.”

ಇಲ್ಲಿ ನಾನು ಬಾಯಿ ಹಾಕಬೇಕಾಯಿತು. “ಭಟ್ಟರೆ, ಬೂದಿ ಅಂತಾದರೆ ಹಿಂದಿನ ಚಕ್ರದ ಮೇಲೂ ಬೀಳಬೇಕಲ್ಲ? ಮುಂದಿನ ಎರಡೇ ಯಾಕೆ ಕಪ್ಪಾಗುತ್ತವೆ?”

“ಗಾಳಿ ಮುಂದ್ಗಡೆಯಿಂದ ಬರತ್ತೆ. ನೀವು ಕಥೆ ಬರ್ಕೊಳಿ, ಶಾಸ್ತ್ರ ನನಗೆ ಬಿಡಿ,” ಎಂದರು.

೩

ಒಂಬತ್ತನೆಯ ದಿನ ಭಟ್ಟರು ಮನೆಯ ತಂಬಿಗೆ ಬೆಳಗುವ ಹುಣಸೆಹಣ್ಣನ್ನೇ ತಂದು ಚಕ್ರ ಉಜ್ಜಿದರು. ಎರಡು ದಳಗಳ ಹೊಳಪು ಹೋಗಿ ಮಂಕು ಬಡಿಯಿತು. ಅಳು ಬರುವುದೊಂದು ಬಾಕಿ. ಕಾರನ್ನು ಪ್ರಕಾಶನ ಅಂಗಡಿಗೆ ಒಯ್ದರು.

ಪ್ರಕಾಶ ಚಕ್ರ ನೋಡಿದ, ಮೂಸಿದ, ತಲೆ ಎತ್ತಿದ. “ಇಮ್ಲೀ? ಪಂಡಿತ್‌ಜೀ, ಪಹಿಯಾ ಹೈ ಪಹಿಯಾ, ಲೋಟಾ ಥೋಡೇ ಹೈ!”

ಹುಣಸೆಹಣ್ಣು ಹಾಕಿ ಉಜ್ಜಲು ಇದು ಚಕ್ರ, ತಂಬಿಗೆಯಲ್ಲ ಎಂದು ಅವನ ಮಾತು. ಆಮೇಲೆ ಅವನು ಹಿಂದಿಯಲ್ಲಿ ವಿವರಿಸಿದ್ದರ ಸಾರಾಂಶ ಇದು. ಈ ಪುಡಿ ಚಿತೆಯದಲ್ಲ, ಬ್ರೇಕಿನದು. ಬ್ರೇಕ್ ಒತ್ತಿದಾಗೆಲ್ಲ ಒಳಗೆ ಒಂದು ಪ್ಯಾಡು ಹೋಗಿ ಉಕ್ಕಿನ ತಟ್ಟೆಯನ್ನು ಹಿಡಿಯುತ್ತದೆ. ಎರಡೂ ಸವೆದು ಪುಡಿಯಾಗಿ, ಬಿಸಿಬಿಸಿಯಾಗಿ ಹೊರಬಂದು ಚಕ್ರಕ್ಕೆ ಅಂಟುತ್ತದೆ. ಮುಂದಿನ ಬ್ರೇಕಿಗೆ ಕೆಲಸ ಹೆಚ್ಚು, ಅದಕ್ಕೇ ಮುಂದೆ ಕಪ್ಪು. ಹುಳಿ, ಆಸಿಡ್ಡು ಮುಟ್ಟಿಸಬಾರದು. ಚಕ್ರ ಆರಿದ ಮೇಲೆ ತೊಳೆಯಬೇಕು, ಅದಕ್ಕೆಂದೇ ಬೇರೆ ಬಟ್ಟೆ ಇಡಬೇಕು. ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಬಳಿದರೆ ಪುಡಿ ಕಚ್ಚುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕು ಮೆಲ್ಲಗೆ ಹಾಕಬೇಕು, ಕಡಿಮೆ ಹಾಕಬೇಕು.

ಬೇರೆ ಬಟ್ಟೆಯ ಮಾತು ಭಟ್ಟರಿಗೆ ತುಂಬಾ ಹಿಡಿಸಿತು. ಮಡಿ ಎಂದರೆ ಅವರಿಗೆ ಅರ್ಥವಾಗುತ್ತದೆ. ಆದರೆ ವ್ಯಾಕ್ಸ್ ಡಬ್ಬಿಯನ್ನು ಮೂಸಿ ದೂರ ಇಟ್ಟರು. ಯಾವ ಪ್ರಾಣಿಯ ಕೊಬ್ಬು ಸೇರಿದೆಯೋ ಯಾರಿಗೆ ಗೊತ್ತು? ಅದರ ಬದಲು ಏನು ಬಳಿಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿದರು. ಮೂಲೆಮನೆಯ ಕಲ್ಲಿನ ಗಣಪತಿಗೆ ನಲವತ್ತು ವರ್ಷದಿಂದ ತುಪ್ಪ ಸವರುತ್ತಿದ್ದಾರೆ, ಒಂದು ದಿನವೂ ಧೂಳು ಕಚ್ಚಿದ್ದಿಲ್ಲ.

(ಹೌದು. ನೀವು ಅಂದುಕೊಂಡದ್ದೇ. ಸ್ವಲ್ಪ ತಡೆಯಿರಿ.)

೪

ಈಗ ತುಳಸಮ್ಮ ಬರಬೇಕು. ಅವರು ಬಂದ ಮೇಲೆ ಕಥೆ ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದೇ ಇಷ್ಟು ಹೊತ್ತು ತಡಮಾಡಿದೆ.

ಭಟ್ಟರ ಮನೆಯ ಮಹಡಿ ಕೋಣೆಯಲ್ಲಿರುವ ಎಂಬತ್ತೊಂದರ ವಿಧವೆ. ಚನ್ನರಾಯಪಟ್ಟಣದ ಕಡೆಯವರು. ಹನ್ನೊಂದು ವರ್ಷದ ಹಿಂದೆ ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದವರು, ಬಂದ ದಿನವೇ ವ್ರತ ಹಿಡಿದರು. ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸ್ಸಿ, ಈ ಎರಡು ನದಿಗಳ ನಡುವಿನ ಕಾಶಿಯನ್ನು ದಾಟುವುದಿಲ್ಲ. ಅವರ ಜೊತೆಗೆ ಅದೇ ಕೋಣೆಯಲ್ಲಿ ಹತ್ತು ವರ್ಷ ಇದ್ದವರು ನಾಗರತ್ನಮ್ಮ. ಅವರದೂ ಅದೇ ವ್ರತ. ಇಬ್ಬರಿಗೂ ಒಂದೇ ಒಲೆ, ಒಂದೇ ಉಪ್ಪಿನಕಾಯಿ ಭರಣಿ, ದಿನಕ್ಕೊಂದು ಜಗಳ. ಕಳೆದ ವರ್ಷ ನಾಗರತ್ನಮ್ಮ ಬಿದ್ದು ಸೊಂಟ ಮುರಿದುಕೊಂಡಾಗ ತಮ್ಮನ ಮಗ ವಿನಯ ಬಂದು ಲಂಕಾದ ತನ್ನ ಮನೆಗೆ ಕರೆದೊಯ್ದ. ಲಂಕಾ ಇರುವುದು ಅಸ್ಸಿಯ ಆಚೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸುತ್ತಿದ್ದಾಗ ತುಳಸಮ್ಮ ಮೇಲಿನಿಂದ, “ಕಾಶಿ ಬಿಟ್ಟು ಹೋಗೋಳ ಹತ್ರ ನನಗೇನು ಮಾತು!” ಎಂದುಬಿಟ್ಟರು. ನಾಗರತ್ನಮ್ಮ ತಲೆ ಎತ್ತಿ ನೋಡಿದರು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತುಳಸಮ್ಮನವರಿಗೆ ಫೋನಿನಲ್ಲಿ ಕಿವಿ ಕೇಳಿಸುವುದೂ ಇಲ್ಲ. ಮೊನ್ನೆ ವಿನಯ ಬಂದು, ಅತ್ತೆ ಊಟ ಬಿಡ್ತಾ ಇದಾಳೆ ಎಂದು ಹೇಳಿ ಹೋದಮೇಲೆ ತುಳಸಮ್ಮ ಎರಡು ದಿನ ತಾವೂ ಉಣ್ಣಲಿಲ್ಲ.

ಇಲ್ಲಿ ನಾನು ತುಂಬಾ ಚೆನ್ನಾಗಿರುವ ಒಂದು ಅಂತ್ಯ ಬರೆದೆ. ತುಳಸಮ್ಮ ಮಹಡಿಯ ಕಿಟಕಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತಂತೆಯೇ ಹೋಗಿಬಿಡುತ್ತಾರೆ.

“ಏನೋ ಅದು ಬರ್ದಿರೋದು?” ಎಂದು ತುಳಸಮ್ಮ ಕೇಳಿದರು. ಓದಿ ಹೇಳಿದೆ. “ಕಾಶೀಗೆ ಬಂದ ಮುದುಕೀನ ಸಾಯಿಸೋದು ಬಿಟ್ರೆ ನಿಂಗೆ ಬೇರೇನೂ ಬರಲ್ವಾ?”

“ಅಮ್ಮಾ, ನೀವು ಬಂದದ್ದೇ ಅದಕ್ಕಲ್ಲವೇ?”

“ಅದಕ್ಕೇ ಬಂದೆ. ನಿನ್ನ ಕೈಲಿ ಸಾಯಕ್ಕೆ ಬರ್ಲಿಲ್ಲ.”

ಹೊಡೆದುಹಾಕಿದೆ. ತುಳಸಮ್ಮ ನನ್ನನ್ನು ಅಲ್ಲಿಗೇ ಬಿಟ್ಟು ಭಟ್ಟರನ್ನು ಕರೆದರು. “ಶಂಕರ, ಅಸ್ಸಿ ಮೋರಿ ಈ ಕಡೇವರ್ಗೆ ನಿನ್ನ ಕಾರಲ್ಲಿ ಕರ್ಕೊಂಡು ಹೋಗಿ ನಿಲ್ಸು. ಅವ್ಳನ್ನ ಆ ಕಡೇವರ್ಗೆ ಗಾಲಿಕುರ್ಚೀಲಿ ತರ್ತಾನಂತೆ ವಿನಯ. ಒಂದ್ಸಲ ನೋಡ್ಬಿಟ್ಟು ಬಂದ್ಬಿಡ್ತೀನಿ. ಟೋಟೋ ರಿಕ್ಷಾ ನಂಗೆ ಬೇಡ, ಹೋದ್ಸಲ ಅದ್ರೋನು ಬೀಳಿಸ್ಬಿಟ್ಟ.”

೫

ಭಟ್ಟರು ಒಪ್ಪಿದರು ಎಂದು ಬರೆಯಲು ಹೊರಟೆ. ಅವರು ಒಪ್ಪಲಿಲ್ಲ. ಅಸ್ಸಿಯ ರಸ್ತೆ ಎಂದರೆ ಹೆಜ್ಜೆಗೊಂದು ಬ್ರೇಕು, ಬ್ರೇಕಿಗೊಂದು ಚಿಟಿಕೆ ಕಪ್ಪು. “ಮುಂದಿನ ವಾರ ಅಮ್ಮ” ಎಂದರು. ಮುಂದಿನ ವಾರವೂ ಹಾಗೇ ಎಂದರು. ನನಗೆ ನಿಜಕ್ಕೂ ಸಿಟ್ಟು ಬಂತು, ಇಂಥವನನ್ನು ನಾಯಕ ಮಾಡಿದೆನಲ್ಲ ಎಂದು. ಮೂರನೆಯ ವಾರ ವೇದಾ ಅಡುಗೆಮನೆಯಿಂದಲೇ ಹೇಳಿದರು:

“ಚಕ್ರ ಒರೆಸಕ್ಕೆ ಹೋದಷ್ಟು ಸಲ ಅಸ್ಸಿಗೆ ಹೋಗಿದ್ರೆ ಆ ಯಮ್ಮ ಇಷ್ಟೊತ್ತಿಗೆ ಹತ್ತು ಸಲ ನೋಡ್ಕೊಂಡು ಬಂದಿರ್ತಿದ್ರು. ಅಲ್ಲಿ ಒಬ್ರು ಅನ್ನ ಬಿಟ್ಟಿದಾರೆ. ನಿಮ್ಮ ಚಕ್ರ ಏನು ಬಿಟ್ಟಿದೆ?”

ಭಟ್ಟರಿಗೆ ನಾಚಿಕೆಯಾಯಿತು. ಭಾನುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಶನಿವಾರ ಅವರು ಒಂದು ಬಟ್ಟಲು ಕಾಯಿಸಿದ ತುಪ್ಪ ತೆಗೆದುಕೊಂಡು ಹಿತ್ತಲಿಗೆ ಹೋದರು. ಇಪ್ಪತ್ತು ದಳಗಳಿಗೂ ಸವರಿದರು. ಆಮೇಲೆ ಮುಂದಿನ ಚಕ್ರಗಳ ದಳಗಳ ಸಂದಿಯಲ್ಲಿ ಉಕ್ಕಿನ ತಟ್ಟೆ ಕಾಣಿಸಿತು, ಅಂಚಿನಲ್ಲಿ ತುಸು ತುಕ್ಕು. ಪಾಪ, ಪುಡಿ ಏಳುವುದೇ ಅಲ್ಲಿಂದ ಎಂದು ಪ್ರಕಾಶ ಹೇಳಿದ್ದನಲ್ಲ. ಬೆರಳು ತೂರಿಸಿ ಅದಕ್ಕೂ ಎರಡು ಸಲ ಬಳಿದರು.

(ಕಾರಿರುವ ಓದುಗರು ತಲೆಯ ಮೇಲೆ ಕೈ ಇಟ್ಟುಕೊಂಡಿದ್ದು ನನಗೆ ಕಾಣುತ್ತಿದೆ. ಬ್ರೇಕಿನ ತಟ್ಟೆಗೆ ಜಿಡ್ಡು ತಾಗಿದರೆ ಬ್ರೇಕು ಹಿಡಿಯುವುದಿಲ್ಲವಂತೆ. ಇದನ್ನು ನಾನು ಓದುವ ಹೊತ್ತಿಗೆ ಶನಿವಾರವನ್ನು ಬರೆದಾಗಿತ್ತು. ಅಳಿಸುತ್ತೇನೆ ಎಂದೆ. ಭಟ್ಟರು, “ಶ್ರದ್ಧೆಯಿಂದ ಮಾಡಿದ್ದನ್ನ ಅಳಿಸ್ಬಾರ್ದು,” ಎಂದು ಹಟ ಹಿಡಿದರು.)

೬

ಭಾನುವಾರ ಹೋಗಿ ನೋಡಿದರೆ ಬೀದಿನಾಯಿಗಳು ನಾಲ್ಕೂ ಚಕ್ರಗಳನ್ನು ನೆಕ್ಕಿ ಫಳಫಳ ಮಾಡಿಟ್ಟಿದ್ದವು. ನಾಲಿಗೆ ತಲುಪದ ಒಳಗಿನ ತಟ್ಟೆಯಲ್ಲಿ ಮಾತ್ರ ತುಪ್ಪ ಹಾಗೇ ಇತ್ತು.

ತುಳಸಮ್ಮ ಹಿಂದಿನ ಸೀಟಿನಲ್ಲಿ, ವೇದಾ ಮುಂದೆ. ಭಟ್ಟರು ಬ್ರೇಕ್ ಮುಟ್ಟುವುದಿಲ್ಲ ಎಂದು ಸಂಕಲ್ಪ ಮಾಡಿಯೇ ಹೊರಟಿದ್ದರು. ಕಾಶಿಯಲ್ಲಿ ಬ್ರೇಕಿಲ್ಲದೆ ಓಡಿಸುವುದು ಹೇಗೆ? ಮೊದಲ ಗೇರಿನಲ್ಲಿ, ಆಕಳ ನಡಿಗೆಯಲ್ಲಿ. ರಿಕ್ಷಾ ಎದುರಾದರೆ ಆಕ್ಸಿಲರೇಟರಿನಿಂದ ಕಾಲೆತ್ತುವುದು, ಗೂಳಿ ಎದುರಾದರೆ ಹಾರ್ನ್ ಒತ್ತುವುದು, ಮೆರವಣಿಗೆ ಎದುರಾದರೆ ದೇವರ ಹೆಸರು ಹೇಳುವುದು. ಹಿಂದೆ ಬರುತ್ತಿದ್ದ ಗಾಡಿಯವರು ಭೋಜಪುರಿಯಲ್ಲಿ ಬೈದದ್ದನ್ನು ನಾನು ಬರೆಯಲಾರೆ. ಅಸ್ಸಿಯವರೆಗೂ ಒಂದೇ ಒಂದು ಸಲ ಬ್ರೇಕ್ ಒತ್ತಲಿಲ್ಲ. ಭಟ್ಟರ ಎದೆ ಉಬ್ಬಿತು.

ಮೋರಿ ಬಂತು. ಪುರಾಣದ ನದಿ ಈಗ ಒಂದು ಚರಂಡಿ, ಅದರ ಮೇಲೊಂದು ಸೇತುವೆ, ಅದಕ್ಕೆ ಸಣ್ಣ ಇಳಿಜಾರು. ಆಚೆ ತುದಿಯಲ್ಲಿ ಗಾಲಿಕುರ್ಚಿ, ಅದರ ಹಿಂದೆ ವಿನಯ.

ಭಟ್ಟರು ಬ್ರೇಕ್ ಒತ್ತಿದರು. ಕಾರು ಕೊಂಚ ನಿಧಾನವಾಯಿತು, ನಿಲ್ಲಲಿಲ್ಲ.

೭

ಇಲ್ಲಿ ನನ್ನ ಹತ್ತಿರ ಮೂರು ಅಂತ್ಯಗಳಿವೆ.

ಮೊದಲನೆಯದರಲ್ಲಿ ಕಾರು ಹೇಗೋ ಈಚೆಯೇ ನಿಲ್ಲುತ್ತದೆ. ಇಬ್ಬರೂ ಕೈ ಬೀಸುತ್ತಾರೆ, ಲಾರಿಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಮನೆಗೆ ಹೋಗುತ್ತಾರೆ. “ಇಷ್ಟಕ್ಕಾ ಮೂರು ವಾರ ಕಾದೆ?” ಎಂದು ತುಳಸಮ್ಮ.

ಎರಡನೆಯದರಲ್ಲಿ ಕಾರು ಆಚೆ ದಾಟಿ, ಕಾಶಿಯ ಗಡಿಯಿಂದ ಎರಡು ಗಜ ಹೊರಗೆ ತುಳಸಮ್ಮನವರ ಎದೆ ನಿಂತುಹೋಗುತ್ತದೆ. ಸುಳ್ಳೇಕೆ, ಇದು ನನಗೆ ಬಹಳ ಇಷ್ಟವಾಗಿತ್ತು. ತುಳಸಮ್ಮ ನನ್ನನ್ನು ಒಂದು ಸಲ ನೋಡಿದರು. ಹಾಳೆ ಹರಿದೆ.

ಮೂರನೆಯದು ಭಟ್ಟರು ಸೂಚಿಸಿದ್ದು. ಕಾರು ಸರಿಯಾಗಿ ನಡುವೆ ನಿಲ್ಲುತ್ತದೆ, ಮುಂದಿನ ಚಕ್ರ ಲಂಕಾದಲ್ಲಿ, ಹಿಂದಿನ ಸೀಟು ಕಾಶಿಯಲ್ಲಿ, ಆದ್ದರಿಂದ ವ್ರತಕ್ಕೆ ಭಂಗವಿಲ್ಲ. “ಮುಂದೆ ಕೂತಿರೋ ನನ್ನ ಗತಿ?” ಎಂದು ವೇದಾ ಕೇಳಿದರು. “ನೀನು ವ್ರತ ತಗೊಂಡಿಲ್ಲ,” ಎಂದರು ಭಟ್ಟರು. ಇಷ್ಟು ಅಳತೆಗೆ ಸರಿಯಾಗಿ ಕಾರು ನಿಲ್ಲುವುದು ಕಥೆಗಳಲ್ಲಿ ಮಾತ್ರ. ಬಿಟ್ಟೆ.

೮

ಕಾರು ಮನುಷ್ಯ ನಡೆಯುವಷ್ಟು ಮೆಲ್ಲಗೆ ಉರುಳುತ್ತಿದೆ. ಸೇತುವೆಯ ನಡುವಿಗೆ ಇನ್ನು ಎಂಟು ಹೆಜ್ಜೆ. ಭಟ್ಟರ ಎಡಗೈ ಹ್ಯಾಂಡ್ ಬ್ರೇಕಿನ ಮೇಲಿದೆ.

“ತುಳಸಮ್ಮನೋರೆ, ಇದೊಂದಿದೆ, ಹಿಂದಿನ ಚಕ್ರದ್ದು, ಎಳೆದ್ರೆ ಇಲ್ಲೇ ನಿಲ್ಲತ್ತೆ. ಎಳೀಲಾ?”

ತುಳಸಮ್ಮ ಮುಂದಿನ ಎರಡು ಸೀಟುಗಳ ನಡುವೆ ಮುಖ ತೂರಿಸಿ ಆಚೆ ತುದಿಯನ್ನೇ ನೋಡುತ್ತಿದ್ದರು. ಗಾಲಿಕುರ್ಚಿಯಲ್ಲಿದ್ದ ನಾಗರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

“ಅಯ್ಯೋ ಶಿವನೇ, ಎಷ್ಟು ಸಣ್ಣಗಾಗಿದಾಳೆ,” ಎಂದರು ತುಳಸಮ್ಮ.

“ಅಮ್ಮಾ, ಎಳೀಲಾ ಬೇಡ್ವಾ?”

ನಾನೂ ಕೇಳಿದೆ. ಹನ್ನೊಂದು ವರ್ಷದ ವ್ರತ, ಅಮ್ಮ, ನಾಲ್ಕು ಹೆಜ್ಜೆಯಲ್ಲಿ ಹೋಗುತ್ತದೆ. ಕಾರು ಈಚೆ ನಿಂತಿತು ಎಂದು ಬರೆಯಲೇ, ಆಚೆ ನಿಂತಿತು ಎಂದು ಬರೆಯಲೇ? ಯಾವುದಾದರೂ ಒಂದು ಹೇಳಿಬಿಡಿ, ಓದುವವರು ಕಾಯುತ್ತಿದ್ದಾರೆ, ನನಗೆ ಗೊತ್ತಿಲ್ಲದೆ ನಾನು ಮುಗಿಸಲಾರೆ.

ಕಾರು ಉರುಳುತ್ತಲೇ ಇತ್ತು. ತುಳಸಮ್ಮ ಪಕ್ಕಕ್ಕೆ ಜರುಗಿ, ಎರಡೂ ಕೈಯಲ್ಲಿ ಬಾಗಿಲು ತಡಕತೊಡಗಿದರು.

“ಇದು ಹೆಂಗೋ ತೆಗ್ಯೋದು, ಶಂಕರ?”