ಕೊನೆಯ ಹದಿನಾರು ಪುಟ

ಆ ಬೈಂಡಿಂಗ್ ಶಾಪಿನ ಉದ್ದ ಮೇಜಿಗೆ ಎಂಟು ಜನ ಹೆಂಗಸರು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಅಂಥ ಎಂಟು ಫಾರಂ ಕೂಡಿದರೆ ಒಂದು ಕಾದಂಬರಿ. ಒಬ್ಬಳ ಹಾಳೆ ಇನ್ನೊಬ್ಬಳದಕ್ಕೆ ಸೇರಿ ಪುಸ್ತಕ ಕೆಡಬಾರದೆಂದು ಮಾಲೀಕರು ಒಂದು ಕಟ್ಟಳೆ ಮಾಡಿದ್ದರು. ಮೂರನೇ ಫಾರಂ ಮಡಿಸುವವಳು ಯಾವ ಪುಸ್ತಕ ಬಂದರೂ ಮೂರನೆಯದನ್ನೇ ಮಡಿಸಬೇಕು, ಆರನೆಯವಳು ಆರನೆಯದನ್ನೇ. ಹಾಗಾಗಿ ಹೆಸರುಗಳೆಲ್ಲ ಹಾಜರಿ ಪುಸ್ತಕದಲ್ಲೇ ಉಳಿದು, ಒಂದಕ್ಕ, ಮೂರಕ್ಕ, ಆರು, ಎಂಟು ಎಂದೇ ಎಲ್ಲರ ಬಾಯಲ್ಲೂ ರೂಢಿಯಾಗಿತ್ತು. ಕತ್ತರಿಸುವ ಮಷೀನು, ರಟ್ಟು, ಬೆನ್ನ ಮೇಲಿನ ಹೊಂಬಣ್ಣದ ಅಕ್ಷರ, ಇವೆಲ್ಲ ಗೋಡೆಯಾಚೆಯ ಗಂಡಸರ ಪಾಲು.

“ಕೈ ಓಡ್ಲಿ, ಕಣ್ಣು ಓಡೋದು ಬೇಡ” ಎನ್ನುತ್ತ ಮಾಲೀಕರು ದಿನಕ್ಕೆರಡು ಸಲ ಮೇಜನ್ನು ಸುತ್ತುತ್ತಿದ್ದರು. “ಹೆಂಗಸ್ರು ಓದೋಕೆ ಕೂತ್ರೆ ನನ್ನ ಪುಸ್ತಕ ಯಾರು ಮಡಿಸ್ತಾರೆ?”

ಆದರೂ ಮಡಿಸುತ್ತಲೇ ಒಬ್ಬೊಬ್ಬಳೂ ತನ್ನ ತನ್ನ ಫಾರಂ ಓದುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಮೇಲೆ ಕಥೆ ಒಂದಕ್ಕನಿಂದ ಹೊರಟು, ಬಾಯಿಂದ ಬಾಯಿಗೆ ದಾಟುತ್ತ ಮೇಜಿನ ಕೊನೆ ಮುಟ್ಟುತ್ತಿತ್ತು. ಆ ಶಾಪಿಗೆ ಹೆಚ್ಚಾಗಿ ಬರುತ್ತಿದ್ದದ್ದು ಒಬ್ಬ ದೊಡ್ಡ ಲೇಖಕರ ಕಾದಂಬರಿಗಳು. ಹೆಣ್ಣಿನ ಕಣ್ಣೀರು ಬಲ್ಲವರೆಂದು ಅವರಿಗೆ ಖ್ಯಾತಿ. ಅವರ ಲೆಕ್ಕಾಚಾರ ಮಾತ್ರ ತಪ್ಪುತ್ತಿರಲಿಲ್ಲ; ಎರಡರಲ್ಲಿ ಮದುವೆ, ಮೂರರಲ್ಲಿ ಕಪಾಳಮೋಕ್ಷ.

“ನನ್ನ ಫಾರಮ್ಮಿಗೆ ಯಾವಾಗ್ಲೂ ಕೆನ್ನೆ ಊದ್ಕೊಂಡೇ ಇರುತ್ತೆ ಕಣ್ರೇ” ಎಂದು ಮೂರಕ್ಕ ನಗುತ್ತಿದ್ದಳು. ಅವಳ ಕೆನ್ನೆಯೂ ವಾರಕ್ಕೊಮ್ಮೆ ಊದಿರುತ್ತಿತ್ತು. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ.

ಎಂಟು ಎಲ್ಲರಿಗಿಂತ ಚಿಕ್ಕವಳು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದ ಹುಡುಗಿ. ಅಜ್ಜಿಯ ಕಥೆಯಲ್ಲಿ ಪಾಳು ಬಾವಿಗೆ ಬಿದ್ದ ಕಿರಿಯ ರಾಣಿ ಕೂದಲು ಹೆಣೆದು ಹಗ್ಗ ಮಾಡಿ ಮೇಲೆ ಬರುತ್ತಿದ್ದಳು. “ಆಮೇಲೆ ಏನಾಯ್ತಜ್ಜೀ?” ಎಂದರೆ, “ಏನಾಗ್ಬೇಕು ನಿಂಗೆ? ಅದೇ ಆಯ್ತು” ಎನ್ನುತ್ತಿದ್ದಳು ಮುದುಕಿ. ಅಂಥ ಹುಡುಗಿಯ ಪಾಲಿಗೆ ಬಂದದ್ದು ಕೊನೆಯ ಫಾರಂ. ಅಲ್ಲಿ ಎಲ್ಲರೂ ಸಾಯುತ್ತಿದ್ದರು. ಓದಿದವಳು ಜ್ವರದಲ್ಲಿ, ಪ್ರೀತಿಸಿದವಳು ಕೆರೆಯಲ್ಲಿ, ಎದುರಾಡಿದವಳು ಪಶ್ಚಾತ್ತಾಪದಲ್ಲಿ. ಗಂಡನ ಪಾದ ಹುಡುಕುತ್ತ ಬರುವ ಕೈ, ತುಟಿಯ ಮೇಲೆ ಒಂದು ಮುಗುಳ್ನಗೆ, ಮುಕ್ತಾಯ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಏಳು ಜೋಡಿ ಕಣ್ಣು ಅವಳ ಕಡೆ ತಿರುಗಿದ್ದವು. “ಹೇಳೇ ಎಂಟೂ, ಬದುಕಿದ್ಳಾ?” ಎಂದು ಮೂರಕ್ಕ ಕೈಯಲ್ಲಿನ ತುತ್ತು ಕೈಯಲ್ಲೇ ಹಿಡಿದು ಕೇಳಿದ್ದಳು. ಸತ್ತಳು ಎನ್ನಲು ಎಂಟುವಿಗೆ ನಾಲಿಗೆ ಏಳಲಿಲ್ಲ. “ಹೂಂ, ಹೊಲಿಗೆ ಅಂಗಡಿ ಇಟ್ಳು. ಗಂಡ ಬಂದು ಬಾಗಿಲಲ್ಲಿ ನಿಂತ್ರೆ, ಅಳತೆ ಕೊಡೋದಿದ್ರೆ ಕೊಡಿ, ಇಲ್ದಿದ್ರೆ ದಾರಿ ಬಿಡಿ ಅಂದ್ಳು” ಎಂದುಬಿಟ್ಟಳು. ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು. ಮೂರಕ್ಕ ನಗಲಿಲ್ಲ, ಆ ಮಾತನ್ನು ತುಟಿಯೊಳಗೇ ಇನ್ನೊಮ್ಮೆ ಹೇಳಿಕೊಂಡಳು.

ಅಲ್ಲಿಂದ ವರ್ಷವಿಡೀ ಒಬ್ಬಳೂ ಸಾಯಲಿಲ್ಲ. ಎಂಟು ಬೆಳಗಿನಿಂದ ಹೆಣ ಮಡಿಸಿ, ಮಧ್ಯಾಹ್ನ ಅವಕ್ಕೆಲ್ಲ ಜೀವ ಕೊಡುತ್ತಿದ್ದಳು. ಊಟವಾದ ಮೇಲೆ ಎಂಟೂ ಫಾರಂಗಳನ್ನು ಸಾಲಾಗಿ ಜೋಡಿಸಿ ಪುಟದ ಅಂಕಿ ನೋಡುವುದು ಒಂದಕ್ಕನ ಕೆಲಸ. ಕನ್ನಡಕ ಏರಿಸಿಕೊಂಡು, ತುಟಿ ಪಿಟಕ್ಕೆನ್ನದೆ ಅವಳು ಅದನ್ನು ಮಾಡಿಕೊಂಡು ಹೋಗುತ್ತಿದ್ದಳು.

ಆ ವರ್ಷದ ಕೊನೆಗೆ ಬಂದ ಹೊಸ ಕಾದಂಬರಿಯಲ್ಲಿ ಹೆಂಡತಿ ಏಳನೇ ಫಾರಮ್ಮಿನ ಕೊನೆಗೆ ಮನೆ ಬಿಟ್ಟು ಅಣ್ಣನ ಮನೆಯ ಬಾಗಿಲು ತಟ್ಟಿ ನಿಲ್ಲುತ್ತಿದ್ದಳು. ಎಂಟುವಿಗೆ ಅಂದು ಹುರುಪೋ ಹುರುಪು. “ಅಣ್ಣ ಬಾಗಿಲು ತೆಗೆದ. ಅತ್ತಿಗೆ ಬಿಸಿನೀರು ಕಾಯಿಸಿಟ್ಳು. ಮಾಳಿಗೆ ಕೋಣೆ ಬೀಗದ ಕೈ ತಂದು ಕೈಗಿಟ್ಟು, ಇದು ಇನ್ಮೇಲೆ ನಿಂದೇ ತಂಗೀ ಅಂದ್ರು” ಎಂದಳು.

ಮಾರನೇ ದಿನ ಮೂರಕ್ಕ ಅವಳನ್ನು ಕೈತೊಳೆಯುವ ನಲ್ಲಿಯ ಹತ್ತಿರ ತಡೆದು ನಿಲ್ಲಿಸಿದಳು. ನೀರು ಜೋರಾಗಿ ಬಿಟ್ಟಳು, ಗೋಡೆಯಾಚೆ ಕೇಳಬಾರದೆಂದು.

“ನಂಗೂ ಒಬ್ಬ ಅಣ್ಣ ಇದಾನೆ ಕಣೇ. ಅವನ ಮನೆಗೂ ಮಾಳಿಗೆ ಇದೆ.”

“ಅಕ್ಕಾ...”

“ಅಷ್ಟು ದೊಡ್ಡವರು ಬರೆದಿದಾರೆ ಅಂದ್ರೆ ಎಲ್ಲೋ ಕಂಡೇ ಬರೆದಿರ್ತಾರೆ, ಅಲ್ವಾ? ಸುಮ್ಸುಮ್ನೆ ಅಚ್ಚು ಹಾಕ್ತಾರಾ? ನೀನು ಕಣ್ಣಾರೆ ಓದಿದೀಯ ತಾನೆ, ಬಾಗಿಲು ತೆಗೆದ ಅಂತ?”

ನಿಜ ಹೇಳಲು ಎರಡು ಮಾತು ಸಾಕಿತ್ತು. ಆದರೆ ಎಂಟುವಿನ ಎದೆಯಲ್ಲಿ ಹೆದರಿಕೆಯ ಜೊತೆಗೆ ಇನ್ನೊಂದು ಮಿಸುಕಾಡಿತು. ತನ್ನ ಕಥೆಯನ್ನು ಒಬ್ಬಳು ಉಟ್ಟುಕೊಂಡು ಹೊರಟಿದ್ದಾಳೆ! ಅಜ್ಜಿಗೂ ಇಂಥ ಕೇಳುವವಳು ಸಿಕ್ಕಿರಲಿಲ್ಲ. ಬಾವಿಯಿಂದ ಮೇಲೆ ಬರುವ ಹಗ್ಗ ನನ್ನ ಬಾಯಲ್ಲೇ ಇದೆಯೇನೋ ಎಂದು ಆ ಹುಚ್ಚು ಹುಡುಗಿಗೆ ಅನ್ನಿಸಿತು.

“ಹೌದಕ್ಕ, ಓದಿದೀನಿ” ಎಂದಳು.

ಮೂರಕ್ಕ ಐದು ದಿನ ಬರಲಿಲ್ಲ. ಮೊದಲ ಎರಡು ದಿನ ಎಂಟು ಒಳಗೊಳಗೇ ಹಿಗ್ಗಿದಳು. ಮಾಳಿಗೆಯ ಕೋಣೆಗೆ ಕಿಟಕಿ ಇಟ್ಟಳು, ಕಿಟಕಿಗೆ ಪರದೆ ಕಟ್ಟಿದಳು. ಮೂರನೇ ದಿನ ಯಾಕೋ ಹಾಳೆಯ ಮಡಿಕೆ ಸೊಟ್ಟಗಾಗತೊಡಗಿತು.

ಆರನೇ ದಿನ ಬಂದ ಮೂರಕ್ಕನ ಬಲಗೈ ಬಟ್ಟೆ ಸುತ್ತಿ ಹಿಟ್ಟಿನ ಉಂಡೆಯಂತಾಗಿತ್ತು. ಅವಳು ಸೀದಾ ಮಾಲೀಕರ ಮೇಜಿನ ಮುಂದೆ ಹೋಗಿ ನಿಂತಳು. ಅವರು ಆ ಕೈಯನ್ನು ನೋಡಿ ಲೊಚಗುಟ್ಟಿದರು.

“ಏನಮ್ಮಾ ಇದು? ಮಡಿಸೋರಿಗೆ ಕೈಯೇ ಅಲ್ವೇ ಬಂಡವಾಳ? ಮನೇಲಿ ಸ್ವಲ್ಪ ಅನುಸರಿಸ್ಕೊಂಡು ಹೋಗ್ಬಾರ್ದೇ?” ಎಂದವರೇ, ಬೆಳಗ್ಗೆಯಷ್ಟೇ ರಟ್ಟು ಕಟ್ಟಿ ಮುಗಿದಿದ್ದ ಹೊಸ ಕಾದಂಬರಿಯ ಒಂದು ಪ್ರತಿ ತೆಗೆದು ಅವಳ ಕಂಕುಳಲ್ಲಿ ಸಿಕ್ಕಿಸಿದರು. “ತಗೋ, ನಮ್ಮ ಕಡೆಯಿಂದ. ಕೆಲಸದ ಯೋಚನೆ ಬಿಡು, ನಿನ್ನ ಜಾಗಕ್ಕೆ ಜನ ಹೇಳಿದೀನಿ. ಮನೇಲಿ ಕೂತು ಓದು. ನಿಮ್ಮಂಥೋರಿಗೇ ಬರೆದದ್ದು.”

ಮೂರಕ್ಕ ಪುಸ್ತಕ ತಂದು ಎಂಟುವಿನ ಮುಂದೆ ಇಟ್ಟಳು. “ಕೊನೇದು ತೆಗೆದುಕೊಡೇ. ಒಂದೇ ಕೈಲಿ ಆಗ್ತಿಲ್ಲ.”

ಎಂಟು ತೆಗೆದಳು. ಮೂರಕ್ಕ ಎಡಗೈ ಬೆರಳನ್ನು ಸಾಲಿನ ಕೆಳಗಿಟ್ಟು, ಬಾಯಿ ಆಡಿಸುತ್ತ ನಿಧಾನವಾಗಿ ಓದಿದಳು. ಅಣ್ಣ ಕಿಟಕಿಯಿಂದಲೇ ಬುದ್ಧಿ ಹೇಳಿ ಕಳಿಸಿದ. ಹೆಂಡತಿ ತಿರುಗಿ ಗಂಡನ ಮನೆ ಸೇರಿದಳು. ಅವನು ಕ್ಷಮಿಸಿದ. ಅವಳು ಆ ಸಂತೋಷ ತಾಳಲಾರದೆ ಕಣ್ಣು ಮುಚ್ಚಿದಳು.

“ನನ್ನಣ್ಣನೂ ಕಿಟಕಿಯಿಂದ್ಲೇ ಮಾತಾಡಿದ” ಎಂದಳು ಮೂರಕ್ಕ. “ವಾಪಸ್ ಹೋದೆ. ಮನೆ ಬಿಟ್ಟು ಹೋಗೋವಾಗ ಚಿಲಕ ತೆಗೆದ ಕೈ ಯಾವ್ದು, ತೋರ್ಸು ಅಂದ್ರು ನಮ್ಮನೇರು. ತೋರಿಸಿದೆ. ಬಾಗಿಲ ಸಂದಿಗೆ ಇಡು ಅಂದ್ರು. ಇಟ್ಟೆ. ಆಮೇಲೆ ಬಾಗಿಲು ಹಾಕಿದ್ರು. ಮೆಲ್ಲಗೇ ಹಾಕಿದ್ರು, ನಿಧಾನವಾಗಿ.”

“ಅಕ್ಕಾ, ನಾನು...”

“ಅವರು ಸರಿಯಾಗೇ ಬರೆದಿದ್ರು ಕಣೇ. ನೀನು ತಪ್ಪಾಗಿ ಓದ್ದೆ.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪುಸ್ತಕ ಮುಚ್ಚಿ, ಸೆರಗಿನಿಂದ ರಟ್ಟು ಒರೆಸಿ, ಮೇಜಿನ ಮೇಲೇ ಬಿಟ್ಟು ಹೊರಟುಹೋದಳು.

ಮರುದಿನ ಮೂರನೇ ಜಾಗದಲ್ಲಿ ಹೊಸಬಳೊಬ್ಬಳು ಕೂತಿದ್ದಳು. ಹೊತ್ತೇರುವಷ್ಟರಲ್ಲಿ ಅವಳನ್ನೂ ಎಲ್ಲರೂ ಮೂರು ಎಂದೇ ಕರೆಯತೊಡಗಿದರು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಕಥೆ ಎಂದಿನಂತೆ ಹೊರಟಿತು, ಹೊಸಬಳ ಹತ್ತಿರ ಕೆನ್ನೆಗೆ ಏಟು ತಿಂದು, ಏಳರವರೆಗೆ ಅತ್ತುಕೊಂಡು ಬಂದು ನಿಂತಿತು.

“ಆಮೇಲೆ?” ಎಂದಳು ಹೊಸಬಳು, ತುತ್ತು ಕೈಯಲ್ಲೇ ಹಿಡಿದು.

“ಸಾಯ್ತಾಳೆ” ಎಂದಳು ಎಂಟು. “ಇವಳು ಒಬ್ಬಳೇ ಅಲ್ಲ. ವರ್ಷದಿಂದ ಎಲ್ಲರೂ ಸತ್ತಿದಾರೆ. ನಾನು ಹೇಳಿದ್ದೆಲ್ಲ ಸುಳ್ಳು.” ಅವಳು ತಲೆ ತಗ್ಗಿಸಿ, ಏಳು ಬಾಯಿಯ ಬೈಗುಳಕ್ಕೆ ಕಾದಳು.

ಯಾರೂ ಬೈಯಲಿಲ್ಲ. ಐದು ಮತ್ತು ಆರು ಮುಖ ಮುಖ ನೋಡಿಕೊಂಡರು. ಒಂದಕ್ಕ ಡಬ್ಬಿಯ ತಳ ಬಳಿದು ಬೆರಳು ನೆಕ್ಕಿದಳು.

“ಅದೇನು ದೊಡ್ಡ ಗುಟ್ಟಾ? ದಿನಾ ಜೋಡಿಸೋಳು ನಾನು. ಕೊನೇ ಪುಟ ನನ್ನ ಕಣ್ಣಿಗೆ ಬೀಳಲ್ವಾ? ಮೊದಲನೇ ವಾರಾನೇ ಇವರಿಗೆಲ್ಲ ಹೇಳಿದ್ದೆ.”

“ಮೂರಕ್ಕಂಗೆ?”

“ಅವಳಿಗೆ ಯಾಕೆ ಹೇಳೋದು?” ಎಂದಳು ಒಂದಕ್ಕ, ಡಬ್ಬಿಯ ಮುಚ್ಚಳ ಒತ್ತುತ್ತ. “ನೀನು ಹೇಳೋವಾಗ ಅವಳ ಮುಖ ನೋಡ್ಬೇಕಿತ್ತು ಕಣೇ, ಹಾಲು ಕಂಡ ಕೂಸಿನ ಹಾಗೆ ಬಾಯಿ ಬಿಟ್ಕೊಂಡು ಕೂತಿರೋಳು. ನಮಗೂ ಊಟದ ಜೊತೆ ನಂಚ್ಕೊಳ್ಳೋಕೆ ಏನಾದ್ರೂ ಬೇಕಲ್ಲ.”

ಆಮೇಲೆ ಹೊಸಬಳ ಕಡೆ ತಿರುಗಿ, ಮುದ್ದಾಗಿ ಕೇಳಿದಳು:

“ನಿಂಗೆ ಮದುವೆ ಆಗಿದೆಯೇನಮ್ಮಾ?”