ಅಕ್ಕಸಾಲಿಗನ ಉಸಿರು

ಶಸ್ತ್ರಚಿಕಿತ್ಸೆಯಲ್ಲಿ ಶ್ವಾಸಕೋಶದ ಒಂದು ಭಾಗವನ್ನು ಕಳೆದುಕೊಂಡ ಅಕ್ಕಸಾಲಿಗನಿಗೆ ವೈದ್ಯರು ಪುಟ್ಟ ಯಂತ್ರವೊಂದನ್ನಿತ್ತು, ಅದರ ಕೊಳವೆಯಿಂದ ಉಸಿರೆಳೆದು ಒಳಗಿನ ಚೆಂಡನ್ನು ಮೇಲೇರಿಸಬೇಕು, ಇಲ್ಲವಾದರೆ ಎದೆಯಲ್ಲಿ ಕಫ ಕಟ್ಟುವುದೆಂದು ಎಚ್ಚರಿಸಿದ್ದರು. ಬೆಳಗಿನಿಂದ ಚೆಂಡು ಕದಲಿರಲಿಲ್ಲ. ಉಳಿದ ಶ್ವಾಸಕೋಶವೂ ಕೈಕೊಟ್ಟಿತೆಂದು ಅವನು ಕಂಗೆಟ್ಟನು.

ಹೆಂಡತಿ ಅವನ ಉಬ್ಬಿದ ಕೆನ್ನೆಗಳನ್ನು ಕಂಡು ನಕ್ಕಳು. “ಊದ್ತಾ ಇದ್ದೀರಲ್ರೀ! ಒಳಗೆ ಎಳ್ಕೋಬೇಕು.”

“ಊದುಗೊಳವೇಲಿ ಉಸಿರೆಳೆದ್ರೆ ಬೆಂಕಿ ಬಾಯಿಗೇ ಬರುತ್ತೆ ಅಂತ ಅಪ್ಪ ಕಿವಿ ಹಿಂಡಿ ಕಲಿಸಿದ್ದು ಕಣೇ.”

“ಇಲ್ಲಿ ಬೆಂಕಿ ಎಲ್ಲಿದೆ? ನಾನಿದ್ದೀನಿ, ಎಳೀರಿ.”

ಅವನು ಅಳುಕುತ್ತಲೇ ಎಳೆದನು. ಹೊಲಿಗೆ ಚುರುಗುಟ್ಟಿತು. ನೀಲಿ ಚೆಂಡು ಮೆಲ್ಲನೆ ಮೇಲೆದ್ದು, ಕ್ಷಣಕಾಲ ನಿಂತು, ಟಕ್ಕೆಂದು ಕೆಳಗಿಳಿಯಿತು. ಹೆಂಡತಿ ಬಾಯಿ ತೆರೆಯುವ ಮೊದಲೇ ಅವನು ಕೊಳವೆಯನ್ನು ಮತ್ತೆ ತುಟಿಗಿಟ್ಟನು.