ಮೂರನೇ ನಿಂಬೆಗಿಡ

ಮೂರನೇ ನಿಂಬೆಗಿಡವೂ ಒಣಗಿತು. ಮೊದಲು ನರ ಮಾತ್ರ ಹಸಿರುಳಿದು ಎಲೆಯೆಲ್ಲ ಹಳದಿ, ಆಮೇಲೆ ತುದಿಯಿಂದ ಸುಟ್ಟ ಹಾಗೆ ಕಪ್ಪು. ಹಿಂದಿನ ಎರಡು ಹೋದ ದಾರಿಯನ್ನೇ ಹಿಡಿದು ಇದೂ ಹೋಯಿತು.

ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅತ್ತೆ ಅದನ್ನು ನೋಡಿದರು. ಸೊಸೆ ಒಳಗೆ ಪಾತ್ರೆ ತೊಳೆಯುತ್ತಿದ್ದಾಳೆ, ಕಿಟಕಿ ತೆರೆದಿದೆ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗೋಡೆಯಾಚೆ ಕೂತು ಹೊಲಿಯುತ್ತಿದ್ದ ಟೈಲರಮ್ಮನಿಗೆ ದನಿ ತಗ್ಗಿಸದೆ ಹೇಳಿದರು.

"ಕೈಗುಣ ಕಣೇ. ಅವಳು ಮುಟ್ಟಿದ್ದು ಯಾವುದೂ ಉಳಿಯಲ್ಲ. ಗಿಡ ಒಂದೇ ಅಲ್ಲ."

ಹೊಲಿಗೆಯಂತ್ರ ಒಂದು ಗಳಿಗೆ ನಿಂತು, ಮತ್ತೆ ಕಟಕಟ ಎಂದಿತು.

ಗಿಡ ಒಂದೇ ಅಲ್ಲ ಎಂದರೆ ಇನ್ನೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜ್ವರವೆಂದು ಮಲಗಿದ ಅತ್ತೆಯ ಮಗ, ಸೊಸೆಯ ಗಂಡ, ಏಳದೆ ಹೋಗಿ ಇದು ಎರಡನೇ ವರ್ಷ. ಆಗ ಔಷಧಿ ಕುಡಿಸಿದ್ದು, ಹಣೆಗೆ ಒದ್ದೆಬಟ್ಟೆ ಹಾಕಿದ್ದು ಸೊಸೆಯ ಕೈ.

ಎರಡನೇ ಗಿಡ ಸತ್ತಾಗ ಅವಳೂ ತನ್ನ ಅಂಗೈಯನ್ನು ತಿರುವಿ ನೋಡಿಕೊಂಡಿದ್ದಳು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು! ಮೂರನೆಯದನ್ನಂತೂ ಅವಳು ಮುಟ್ಟಿರಲೇ ಇಲ್ಲ. ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿ ನರ್ಸರಿಯವಳನ್ನು ಕರೆಸಿ, ಅವಳ ಕೈಯಿಂದಲೇ ನೆಡಿಸಿದ್ದಳು. ನೀರನ್ನೂ ದೂರ ನಿಂತು ಪೈಪಿನಿಂದ ಬಿಟ್ಟಿದ್ದಳು. ತಟ್ಟೆ ಉಜ್ಜುತ್ತಿದ್ದವಳಿಗೆ ಈಗ ಅದು ತಲೆಗೆ ಹೊಳೆಯಿತು. ಹಾಗಾದರೆ ಇದು ಯಾರ ಕೈಗುಣ?

ಒದ್ದೆ ಕೈಯಲ್ಲೇ ಹೊರಬಂದು ಗಿಡದ ಬುಡ ಹಿಡಿದು ಎಳೆದಳು. ಬೇರು ಒಂದು ಗೇಣು ಇಳಿದಿತ್ತು. ಅಲ್ಲಿಂದ ಕೆಳಗೆ ಹೋಗದೆ, ಮುಚ್ಚಿದ ಬಾಗಿಲು ಬಡಿದು ಸಾಕಾದವರ ಹಾಗೆ ಪಕ್ಕಕ್ಕೆ ತಿರುಗಿ, ಚಪ್ಪಟೆಯಾಗಿ ಹರಡಿ ಕೊಳೆತಿತ್ತು. ಮೇಲಿನದು ಮಾತ್ರ ಹುಡಿಹುಡಿಯಾದ ಕೆಂಪುಮಣ್ಣು. ಮಾವ ಬಂದವರಿಗೆಲ್ಲ "ಬಂಗಾರದಂಥ ಮಣ್ಣು" ಎಂದು ತೋರಿಸುತ್ತಿದ್ದ ಮಣ್ಣು.

ಹಾರೆ ತಂದು ಹಾಕಿದಳು. ಠಣ್ ಎಂದಿತು. ಪಕ್ಕದಲ್ಲಿ ಹಾಕಿದಳು, ಅಲ್ಲೂ ಠಣ್. ಮಣ್ಣು ಸರಿಸಿದರೆ ಬೂದುಬಣ್ಣದ ಗಟ್ಟಿ ಪದರ. ಜಲ್ಲಿ, ಇಟ್ಟಿಗೆ ಚೂರು, ಹರಿದ ಸಿಮೆಂಟ್ ಚೀಲ ಎಲ್ಲ ಅದರೊಳಗೆ. ಅಡುಗೆಮನೆಯಿಂದ ವಿನಿಗರ್ ತಂದು ಸುರಿದಳು, ಬುಸುಬುಸು ನೊರೆಯೆದ್ದಿತು. ಒಂದು ಚೆಂಬು ನೀರು ಸುರಿದಳು, ಇಂಗದೆ ಕಣ್ಣು ಬಿಟ್ಟುಕೊಂಡು ನಿಂತಿತು. ಸುಣ್ಣದ ಅಂಶಕ್ಕೆ ಎಲೆ ಹಳದಿ, ನಿಂತ ನೀರಿಗೆ ಬೇರು ಕೊಳೆ. ಪರೀಕ್ಷೆಯಲ್ಲಿ ಕೇಳಿದ್ದರೆ ಅವಳ ತರಗತಿಯ ದಡ್ಡನೂ ಬರೆಯುತ್ತಿದ್ದ.

"ಮಾವ, ಇದೇನು?"

ಹಿಂಬಾಗಿಲಲ್ಲಿ ಪೇಪರ್ ಓದುತ್ತಿದ್ದ ಮಾವ ಕನ್ನಡಕದ ಮೇಲಿಂದ ನೋಡಿದರು. "ಗಾರೆ ಕಲಸಿದ ಜಾಗ ಅದು. ಮನೆ ಕಟ್ಟಿದ ಮೇಲೆ ಮಿಕ್ಕಿದ್ದನ್ನೆಲ್ಲ ಅಲ್ಲೇ ಹೂಳಿಸಿ ಮಣ್ಣು ಹೊದಿಸಿದೆ. ಯಾಕೆ?"

"ನಿಮಗೆ ಗೊತ್ತಿತ್ತಾ?"

"ಒಳ್ಳೆ ಕೇಳ್ತೀಯ. ನಿಂತು ಕಟ್ಟಿಸಿದವನು ನಾನು."

"ಮೂರು ಸಲ ಇಲ್ಲೇ ಗಿಡ ಇಟ್ಟಿದ್ದು ನೋಡ್ತಾನೇ ಇದ್ರಿ."

"ನೀನು ಕೇಳಲಿಲ್ಲವಲ್ಲಮ್ಮ."

"ಅತ್ತೆ ಆಡೋ ಮಾತು ಕೇಳಿಸ್ತಿತ್ತಲ್ಲ?"

ಮಾವ ಪೇಪರ್ ಮಡಿಸಿದರು. ಮತ್ತೆ ಬಿಚ್ಚಿದರು. "ಹೆಂಗಸರ ಮಾತಿನ ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ?"

ಅವಳ ಕಿವಿ ಕಾದ ಹೆಂಚಾಯಿತು. ಹಾರೆ ಎತ್ತಿ, ಎರಡು ವರ್ಷ ನುಂಗಿದ್ದೆಲ್ಲ ತೋಳಿಗೆ ಬಂದ ಹಾಗೆ ಹಾಕಿದಳು. ಗಾರೆಯ ಚಕ್ಕೆ ಹಾರಿ ಅತ್ತೆಯ ಕಾಲ ಬಳಿ ಬಿತ್ತು.

"ಸಾಕು ಮಾಡೇ!" ಅತ್ತೆ ಹೌಹಾರಿದರು. "ಗಾರೆ ಇದ್ರೆ ಇತ್ತು, ಬೇರೆ ಕಡೆ ನೆಡು. ಮೊದಲು ಮುಚ್ಚು ಅದನ್ನ. ನೋಡಿದವರು ಏನಂದ್ಕೊಂಡಾರು?"

"ನೋಡ್ಲಿ. ನನ್ನ ಕೈಯಲ್ಲಿ ಏನೂ ದೋಷ ಇಲ್ಲ ಅಂತ ನೀವು ಹೇಳಿ. ಅದೇ ಗೋಡೆ ಹತ್ರ ನಿಂತು, ಅಷ್ಟೇ ಜೋರಾಗಿ. ಆಮೇಲೆ ಮುಚ್ತೀನಿ."

"ಏನೋ ಬಾಯಿಗೆ ಬಂತು, ಅಂದೆ. ಅದನ್ನೇ ಹಿಡ್ಕೊಂಡು..."

"ಗಿಡ ಒಂದೇ ಅಲ್ಲ ಅಂದ್ರಿ, ಅತ್ತೆ."

ಹೊಲಿಗೆಯಂತ್ರ ನಿಂತು ಎಷ್ಟು ಹೊತ್ತಾಗಿತ್ತೋ. ಗೋಡೆಯ ಮೇಲೆ ಟೈಲರಮ್ಮನ ತಲೆ ಎದ್ದಿತು. "ಏನ್ ಟೀಚರಮ್ಮ, ನಿಧಿ ಸಿಕ್ತಾ?"

ಸೊಸೆ ಹಾರೆ ಊರಿಕೊಂಡು, ಅತ್ತೆಯ ಮುಖವನ್ನೇ ನೋಡುತ್ತ ನಿಂತಳು.

"ಗಾರೆ ಕಣೇ," ಅತ್ತೆ ಕೊನೆಗೆ ಹೇಳಿದರು. "ಇವರು ಹೂಳಿಸಿಟ್ಟಿದ್ದಂತೆ. ಅದಕ್ಕೇ ಗಿಡ ಹೋಗಿದ್ದು."

"ಇನ್ನೊಂದನ್ನೂ ಹೇಳಿ."

ಮಗ ಯಾಕೆ ಸತ್ತ ಎನ್ನುವುದಕ್ಕೆ ಅತ್ತೆಯ ಬಳಿ ಇದ್ದದ್ದು ಸೊಸೆಯ ಕೈಗುಣ ಎಂಬ ಅದೊಂದೇ ಉತ್ತರ. ಅದನ್ನೂ ಬಿಟ್ಟುಕೊಟ್ಟರೆ ಬರೀ ಜ್ವರ ಉಳಿಯುತ್ತಿತ್ತು. ಸೊಸೆಗೆ ಇದು ಅರ್ಥವಾಯಿತು. ಅರ್ಥವಾಯಿತೆಂದು ಸಿಟ್ಟೇನೂ ಇಳಿಯಲಿಲ್ಲ. ಅತ್ತೆ ಖಾಲಿ ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಹಳ್ಳ ಈಗ ಅಡುಗೆಮನೆಯ ಬಾಗಿಲ ಕಡೆಗೆ ಬೆಳೆಯತೊಡಗಿತು. ಮಾವ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

"ಮೆಟ್ಟಿಲ ತನಕ ಇದೆಯಮ್ಮ ಅದು. ಎಷ್ಟು ಅಂತ ಅಗೀತೀಯ?"

"ಎಷ್ಟಿದೆಯೋ ಅಷ್ಟೂ," ಎಂದು ಅವಳು ಹಾರೆ ಎತ್ತಿದಳು.